ಕಾಸರಗೋಡಿನಲ್ಲಿ ಮನೆ ಮಾರುವುದು: ವ್ಯಾಪಾರ ನಿಧಾನವಾಗಿರುವಾಗ ಬ್ರೋಕರ್ ಆಯ್ಕೆಯಿಂದ ರಿಜಿಸ್ಟ್ರಿವರೆಗೆ

ಮನೆ ಮಾರಬೇಕು ಅಂತ ತೀರ್ಮಾನ ಮಾಡಿದ ಕೂಡಲೇ ಬ್ರೋಕರ್‌ಗೆ ಫೋನ್ ಮಾಡಬೇಡಿ. ಮೊದಲು ವಿಲ್ಲೇಜ್ ಆಫೀಸಿಗೆ ಹೋಗಿ.

ಮಂಜೇಶ್ವರ, ಉಪ್ಪಳ, ಕುಂಬಳೆಯ ಕಡೆ ಇರಲಿ, ಒಳಗೆ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಇರಲಿ, ಮಾರಲು ಕಾಯುತ್ತಿರುವ ಮನೆಗಳು ನಿಮ್ಮ ಕಣ್ಣಿಗೂ ಬಿದ್ದಿರುತ್ತವೆ. ಮಕ್ಕಳು ಮಂಗಳೂರು, ಬೆಂಗಳೂರು, ಗಲ್ಫ್ ಅಂತ ಹೋಗಿರುತ್ತಾರೆ. ದೊಡ್ಡ ಮನೆ, ಅಂಗಳ, ಬಾವಿ, ಸ್ವಲ್ಪ ಅಡಿಕೆ, ನೋಡಿಕೊಳ್ಳಲು ಜನ ಇಲ್ಲ. ಹೀಗೆ ಮಾರುವವರು ಜಾಸ್ತಿ, ಕೊಳ್ಳುವವರು ಕಡಿಮೆ ಆದಾಗ ಕೊಳ್ಳುವವನಿಗೆ ಅವಸರ ಇರುವುದಿಲ್ಲ. ಕಾಗದದಲ್ಲಿ ಒಂದು ಸಣ್ಣ ಸಂಶಯ ಬಂದರೂ ಅವನು ಮುಂದಿನ ಮನೆ ನೋಡುತ್ತಾನೆ. ವ್ಯಾಪಾರ ಬಿರುಸಾಗಿದ್ದಾಗ "ಅದನ್ನು ಆಮೇಲೆ ಸರಿ ಮಾಡುವ" ಎಂದರೆ ನಡೆಯುತ್ತಿತ್ತು, ಈಗ ನಡೆಯುವುದಿಲ್ಲ. ನಿಂತುಹೋದ ಮಾರಾಟಗಳನ್ನು ನೋಡಿದರೆ ಸಾಮಾನ್ಯವಾಗಿ ಎರಡು ಕಾರಣ ಸಿಗುತ್ತದೆ: ಕಾಗದ, ಇಲ್ಲವೇ ಮೊದಲ ದಿನ ಹೇಳಿದ ರೇಟು. ಇವೆರಡನ್ನು ಮೊದಲೇ ಸರಿ ಮಾಡಿದರೆ ಸಾಧಾರಣ ಬ್ರೋಕರ್ ಕೂಡ ಮನೆ ಮಾರಿಕೊಡುತ್ತಾನೆ. ಇವೆರಡು ಸರಿ ಇಲ್ಲದಿದ್ದರೆ ಊರಿನ ಒಳ್ಳೆಯ ಬ್ರೋಕರ್ ಕೂಡ ಸುಮ್ನೆ ಜನರನ್ನು ಕರೆತಂದು ಮನೆ ತೋರಿಸುತ್ತಾನೆ, ಅಷ್ಟೇ.

ಮೊದಲು ಕಾಗದ

ಒಂದು ಫೈಲ್ ಮಾಡಿ. ಅದರಲ್ಲಿ ಇರಬೇಕಾದದ್ದು: ನಿಮ್ಮ ಆಧಾರ (ಜಾಗದ ನೋಂದಾಯಿತ ದಸ್ತಾವೇಜು, ಆಧಾರ್ ಕಾರ್ಡ್ ಅಲ್ಲ), ಅದರ ಹಿಂದಿನ ಆಧಾರಗಳು, ಈ ವರ್ಷದ ಭೂತೆರಿಗೆ ರಸೀದಿ, ಕೈವಶ ಸರ್ಟಿಫಿಕೇಟ್, ಲೊಕೇಶನ್ ಸ್ಕೆಚ್, ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಇಸಿ (ಜಾಗದ ಮೇಲಿನ ಸಾಲ, ವ್ಯವಹಾರ ತೋರಿಸುವ ಋಣಭಾರ ಪತ್ರ), ಪಂಚಾಯತಿನಿಂದ ಮನೆಯ ಓನರ್‌ಶಿಪ್ ಸರ್ಟಿಫಿಕೇಟ್ ಮತ್ತು ಮನೆ ತೆರಿಗೆ ರಸೀದಿ, ಮನೆಯ ಪರ್ಮಿಟ್ ಮತ್ತು ಪ್ಲಾನ್. ಇಸಿ ತೆಗೆಸುವಾಗ 30 ವರ್ಷದ್ದೇ ತೆಗೆಸಿ. ಕೊಳ್ಳುವವನ ಬ್ಯಾಂಕು ಹೇಗೂ ಅಷ್ಟು ಕೇಳುವ ಸಾಧ್ಯತೆ ಜಾಸ್ತಿ. ಹಳೆಯ ಸಾಲ ತೀರಿದ್ದರೂ ಇಸಿಯಲ್ಲಿ ಹಾಗೆಯೇ ಕಾಣುತ್ತಿದ್ದರೆ ಬ್ಯಾಂಕಿನಿಂದ ಬಿಡುಗಡೆ ಪತ್ರ ತಂದು ಈಗಲೇ ಅದನ್ನು ತೆಗೆಸಿ.

ಇದಿಷ್ಟು ಎಲ್ಲ ಕಡೆ ಇರುವ ಮಾತು. ನಮ್ಮ ಜಿಲ್ಲೆಯಲ್ಲಿ ಹೆಚ್ಚಾಗಿ ಬರುವ ತೊಡಕುಗಳು ಬೇರೆಯೇ ಇವೆ. ಅವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲನೆಯದು ಕುಮ್ಕಿ. 1956ರ ನವೆಂಬರ್ 1ರವರೆಗೆ ನಾವು ದಕ್ಷಿಣ ಕನ್ನಡದಲ್ಲಿ ಇದ್ದವರು. ಹಾಗಾಗಿ ವರ್ಗ (ತೆರಿಗೆ ಕಟ್ಟುವ ಸ್ವಂತ ಹಿಡುವಳಿ), ಕುಮ್ಕಿ, ಮೂಲಗೇಣಿ (ಶಾಶ್ವತ ಗೇಣಿ), ಚಾಲಗೇಣಿ (ಶಾಶ್ವತ ಅಲ್ಲದ ಗೇಣಿ) ಎಲ್ಲ ನಮ್ಮ ಹಳೆಯ ಕಾಗದಗಳಲ್ಲಿ ಬರುತ್ತವೆ. ವರ್ಗ ಜಾಗದ ಸುತ್ತ 100 ಗಜದೊಳಗಿನ ಸರಕಾರಿ ಜಾಗದಲ್ಲಿ ಸೊಪ್ಪು, ಸೌದೆ ತೆಗೆಯುವ ಸವಲತ್ತು ಮಾತ್ರ ಕುಮ್ಕಿ. ಜಾಗ ಸರಕಾರದ್ದೇ. ಆದರೆ ಅಜ್ಜನ ಕಾಲದಿಂದ ಬೇಲಿ ಹಾಕಿ, ಗೇರು, ತೆಂಗು ನೆಟ್ಟು ಬಂದ ಕಾರಣ ಮನೆಯವರಿಗೆ ಅದು ತಮ್ಮದೇ ಅನಿಸಿರುತ್ತದೆ. "ಒಂದೂವರೆ ಎಕರೆ ಜಾಗ ಇದೆ" ಎಂದು ಬ್ರೋಕರ್‌ಗೆ ಹೇಳುತ್ತಾರೆ. ಆಧಾರದಲ್ಲಿ 80 ಸೆಂಟ್ಸ್ ಮಾತ್ರ ಇರುತ್ತದೆ. ಅಡ್ವಾನ್ಸ್ ಕೊಡುವ ಹೊತ್ತಿಗೆ ಇದು ಗೊತ್ತಾದರೆ ವ್ಯಾಪಾರ ಅಲ್ಲಿಗೇ ಮುರಿಯುತ್ತದೆ, ಜೊತೆಗೆ "ಆ ಮನೆಯದ್ದು ಏನೋ ಲಫಡಾ ಉಂಟು" ಎಂದು ಊರಲ್ಲಿ ಸುದ್ದಿ ಹರಡುತ್ತದೆ. ಆದ್ದರಿಂದ ಆಧಾರದಲ್ಲಿ ಇರುವಷ್ಟಕ್ಕೇ ಬೆಲೆ ಕಟ್ಟಿ. ಕುಮ್ಕಿ ಇದ್ದರೆ ಇದೆ ಎಂದು ಬಾಯಿಬಿಟ್ಟು ಹೇಳಿ, ಲೆಕ್ಕಕ್ಕೆ ಸೇರಿಸಬೇಡಿ.

ಎರಡನೆಯದು ಪಟ್ಟಯ, ಅಂದರೆ ಜಾಗದ ಹಕ್ಕುಪತ್ರ. ಇದರಲ್ಲಿ ಎರಡು ಬಗೆ. ಭೂಸುಧಾರಣೆ ಕಾನೂನಿನಲ್ಲಿ ಗೇಣಿದಾರರಿಗೆ ಲ್ಯಾಂಡ್ ಟ್ರಿಬ್ಯೂನಲ್ ಕೊಟ್ಟ ಪಟ್ಟಯ ಒಂದು. ಕೇರಳದಲ್ಲಿ ಗೇಣಿ ಪದ್ಧತಿ ನಿಂತದ್ದು 1970ರ ಜನವರಿ 1ರಂದು. ನಮ್ಮ ಎಷ್ಟೋ ಮನೆಗಳ ಮೂಲ ಕಾಗದ ಇದೇ. ಇನ್ನೊಂದು, ಸರಕಾರ ತನ್ನ ಜಾಗವನ್ನು ಮಂಜೂರು ಮಾಡಿ ಕೊಟ್ಟ ಪಟ್ಟಯ. ಈ ಎರಡನೆಯದಕ್ಕೆ ಮಾರಾಟದ ಮೇಲೆ ಶರತ್ತು ಇರಬಹುದು. ಆದೇಶದ ಪ್ರತಿ ಹುಡುಕಿ ಓದಿಸಿ. "ಪಟ್ಟಯ ಉಂಟು" ಎನ್ನುವ ಒಂದೇ ಮಾತಿಗೆ ಕೊಳ್ಳುವವನ ವಕೀಲರು ಒಪ್ಪುವುದಿಲ್ಲ.

ಮೂರನೆಯದು ಭಾಷೆ. ಹಳೆಯ ಆಧಾರಗಳು, ಭಾಗಪತ್ರಗಳು ಕನ್ನಡದಲ್ಲಿ ಇರುತ್ತವೆ. ಕೊಳ್ಳುವವರು ಪಯ್ಯನ್ನೂರು, ಕಣ್ಣೂರು ಕಡೆಯವರಾದರೆ ಅವರ ಬ್ಯಾಂಕಿನ ವಕೀಲರಿಗೆ ಓದಲು ಬರುವುದಿಲ್ಲ. ಫೈಲ್ ಮೇಜಿನ ಮೇಲೆ ಹಾಗೇ ಬಿದ್ದಿರುತ್ತದೆ. ಮುಖ್ಯವಾದ ಎರಡು ಮೂರು ಕಾಗದಗಳಿಗೆ ಮಲಯಾಳ ಅಥವಾ ಇಂಗ್ಲಿಷ್ ಅನುವಾದ ಮಾಡಿಸಿ, ಮಾಡಿದವರ ಸಹಿ ಹಾಕಿಸಿ, ಫೈಲಿನಲ್ಲಿ ಇಟ್ಟುಬಿಡಿ. ಎರಡು ಕಡೆಯ ಕಾಗದವನ್ನೂ ಓದಬಲ್ಲ ದಸ್ತಾವೇಜು ಬರಹಗಾರರು ಕಾಸರಗೋಡು, ಮಂಜೇಶ್ವರದಲ್ಲಿ ಇದ್ದಾರೆ. ಅವರಲ್ಲಿ ಕೇಳಿ.

ನಾಲ್ಕನೆಯದು, ಜಾಗ ಯಾವ ಬಗೆಯದ್ದು ಅನ್ನುವುದು. ಮನೆ ಕಟ್ಟಿ ನಲವತ್ತು ವರ್ಷ ಆಗಿದ್ದರೂ ವಿಲ್ಲೇಜಿನ ಮೂಲ ರಿಜಿಸ್ಟರಿನಲ್ಲಿ ಆ ಜಾಗ ಇನ್ನೂ 'ನಿಲಂ', ಅಂದರೆ ಗದ್ದೆ ಎಂದೇ ಇರಬಹುದು. 2008ರ ಭತ್ತದ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣೆ ಕಾನೂನಿನಿಂದಾಗಿ ಇದು ದೊಡ್ಡ ವಿಷಯ. ಡೇಟಾ ಬ್ಯಾಂಕಿನಲ್ಲಿ, ಅಂದರೆ ಈ ಕಾನೂನಿನಡಿ ಮಾಡಿದ ಗದ್ದೆ, ಜೌಗುಭೂಮಿಗಳ ಪಟ್ಟಿಯಲ್ಲಿ ಇದ್ದರೆ ಅದರಿಂದ ತೆಗೆಸಲು ಫಾರ್ಮ್ 5 ಕೊಡಬೇಕು. ಡೇಟಾ ಬ್ಯಾಂಕಿನಲ್ಲಿ ಇಲ್ಲದೆ ಬರೀ ನಿಲಂ ಎಂದಿದ್ದರೆ, 50 ಸೆಂಟ್ಸಿನವರೆಗಿನ ಜಾಗಕ್ಕೆ ಫಾರ್ಮ್ 6. ಅರ್ಜಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಪಾರ್ಟಿ ಸಿಕ್ಕಿದ ಮೇಲೆ ಶುರು ಮಾಡಿದರೆ ಪಾರ್ಟಿ ಕಾಯುವುದಿಲ್ಲ.

ಐದನೆಯದು, ಡಿಜಿಟಲ್ ಸರ್ವೆ. 2024ರ ಅಕ್ಟೋಬರ್‌ನಲ್ಲಿ ಕೇರಳ ಸರಕಾರ ಭೂದಾಖಲೆಗಳ 'ಎಂಟೆ ಭೂಮಿ' (ನನ್ನ ಭೂಮಿ) ಪೋರ್ಟಲ್ ಆರಂಭಿಸಿದಾಗ ಅದು ಮೊದಲು ಜಾರಿಯಾದದ್ದು ನಮ್ಮದೇ ಮಂಜೇಶ್ವರ ತಾಲೂಕಿನ ಉಜಾರು ಉಳುವಾರು ಗ್ರಾಮದಲ್ಲಿ. ಸರ್ವೆ ಮುಗಿದ ಗ್ರಾಮಗಳಲ್ಲಿ ಹೊಸ ಅಳತೆ ಮತ್ತು ಆಧಾರದ ಅಳತೆ ಹೊಂದುತ್ತದಾ ಎಂದು ನೋಡಿ. ಎರಡು ಮೂರು ಸೆಂಟ್ಸ್ ಹೆಚ್ಚುಕಡಿಮೆ ಬರುವುದು ಅಪರೂಪ ಅಲ್ಲ. ಲೆಕ್ಕ ಹಾಕುವಾಗ ನೆನಪಿಡಿ: ಕಾಗದದಲ್ಲಿ 'ಆರ್' ಎಂದು ಇರುತ್ತದೆ, ಬಾಯಲ್ಲಿ ಸೆಂಟ್ಸ್ ಎನ್ನುತ್ತೇವೆ. ಒಂದು ಆರ್ ಅಂದರೆ 2.47 ಸೆಂಟ್ಸ್.

ಇನ್ನು ಮನೆಯ ಕಾಗದ. ಹಿಂದೆ ಒಂದು ಕೋಣೆ ಸೇರಿಸಿದ್ದೀರಿ, ಮೇಲೆ ಶೀಟ್ ಹಾಕಿದ್ದೀರಿ, ಪರ್ಮಿಟ್ ತೆಗೆದಿಲ್ಲ. ಇಂಥದ್ದಕ್ಕೆ ಪಂಚಾಯತಿ ಯುಎ ನಂಬರ್ ಕೊಡುತ್ತದೆ, ಅಂದರೆ ಅನಧಿಕೃತ ಎಂಬ ಗುರುತು. ಬ್ಯಾಂಕ್ ಸಾಲಕ್ಕೆ ಇದು ತೊಂದರೆ. ಸಕ್ರಮ ಮಾಡಿಸಲು ಆಗುತ್ತದಾ ಎಂದು ಪಂಚಾಯತಿನಲ್ಲಿ ಕೇಳಿ. ಕಂದಾಯ ಇಲಾಖೆಯ ಒಂದು ಬಾರಿಯ ಕಟ್ಟಡ ತೆರಿಗೆ ಕಟ್ಟಿದ ರಸೀದಿ ಹುಡುಕಿ ಇಡಿ. 1999ರ ಏಪ್ರಿಲ್ 1ರ ನಂತರ ಕಟ್ಟಿದ, 278.7 ಚದರ ಮೀಟರ್‌ಗಿಂತ ದೊಡ್ಡ ಮನೆಯಾದರೆ ವರ್ಷ ವರ್ಷದ ಲಕ್ಸುರಿ ತೆರಿಗೆ ಬಾಕಿ ಇದೆಯಾ ನೋಡಿ.

ಕೊನೆಗೆ, ಸಹಿ ಯಾರದ್ದು? ತರವಾಡು ಮನೆ (ಕೂಡುಕುಟುಂಬದ ಮೂಲ ಮನೆ), ಅಳಿಯಸಂತಾನದ (ತಾಯಿಯ ಕಡೆಯಿಂದ ಹಕ್ಕು ಬರುವ) ಕುಟುಂಬ, ಭಾಗ ಆಗದ ಅಪ್ಪನ ಮನೆ ಆದರೆ ಹಕ್ಕಿರುವ ಪ್ರತಿಯೊಬ್ಬರ ಒಪ್ಪಿಗೆ ಬೇಕು. "ತಂಗಿ ಏನೂ ಹೇಳುವುದಿಲ್ಲ" ಎಂಬ ನಂಬಿಕೆ ಸಾಕಾಗುವುದಿಲ್ಲ. ರೇಟು ಎಷ್ಟು, ಯಾರಿಗೆ ಎಷ್ಟು ಪಾಲು ಎಂದು ಮೊದಲೇ ಕುಳಿತು ಮಾತಾಡಿ ಬರೆದಿಟ್ಟುಕೊಳ್ಳಿ. ಹಣ ಕಣ್ಣಿಗೆ ಕಾಣಿಸಿದ ಮೇಲೆ ಈ ಮಾತು ಬಹಳ ಕಷ್ಟ.

ರೇಟು

ಇಲ್ಲಿ ಸ್ವಲ್ಪ ಕಟುವಾಗಿ ಹೇಳುತ್ತೇನೆ. ಪಕ್ಕದ ಮನೆಯವರು ಕೇಳಿದ ಬೆಲೆ ಬೆಲೆ ಅಲ್ಲ. ಅದು ಅವರ ಆಸೆ. ರಿಜಿಸ್ಟ್ರಿ ಆದ ಬೆಲೆ ಬೇಕು. ಕಳೆದ ಒಂದು ವರ್ಷದಲ್ಲಿ ನಿಮ್ಮ ವಾರ್ಡಿನಲ್ಲಿ, ಅದೇ ಬಗೆಯ ರಸ್ತೆಗೆ ತಾಗಿ, ನಿಜವಾಗಿ ಕೈ ಬದಲಾದ ಎರಡು ಮೂರು ಜಾಗಗಳು ಯಾವುವು ಎಂದು ಹುಡುಕಿ. ದಸ್ತಾವೇಜು ಬರಹಗಾರರಿಗೆ, ಕೊಆಪರೇಟಿವ್ ಬ್ಯಾಂಕಿನ ಮೌಲ್ಯಮಾಪಕರಿಗೆ ಇದು ಗೊತ್ತಿರುತ್ತದೆ. ರಿಜಿಸ್ಟ್ರೇಶನ್ ಇಲಾಖೆಯ ಸೈಟಿನಲ್ಲಿ ಸರ್ವೆ ನಂಬರ್ ಹಾಕಿ ಫೇರ್ ವ್ಯಾಲ್ಯೂ, ಅಂದರೆ ಜಾಗಕ್ಕೆ ಸರಕಾರ ನಿಗದಿ ಮಾಡಿದ ಬೆಲೆ ನೋಡಬಹುದು. 2023ರ ಏಪ್ರಿಲ್‌ನಲ್ಲಿ ಅದನ್ನು ಶೇ. 20 ಏರಿಸಿದ್ದಾರೆ. ಅದು ಮಾರುಕಟ್ಟೆ ಬೆಲೆ ಅಲ್ಲ, ಆದರೆ ಕೊಳ್ಳುವವನು ಕಟ್ಟುವ ಡ್ಯೂಟಿಯ ಲೆಕ್ಕ ಅದಕ್ಕಿಂತ ಕೆಳಗೆ ಹೋಗುವುದಿಲ್ಲ.

ಆ ಖರ್ಚನ್ನು ಮಾರುವವರು ಲೆಕ್ಕಕ್ಕೇ ತರುವುದಿಲ್ಲ. ಕೇರಳದಲ್ಲಿ ಸ್ಟಾಂಪ್ ಡ್ಯೂಟಿ ಶೇ. 8, ರಿಜಿಸ್ಟ್ರೇಶನ್ ಫೀಸು ಶೇ. 2. 40 ಲಕ್ಷದ ಮನೆಗೆ 4 ಲಕ್ಷ ಬರೀ ಸರಕಾರಕ್ಕೆ. ಬರಹದ ಫೀಸು, ಬ್ರೋಕರ್ ಕಮಿಷನ್, ಬಣ್ಣ, ವಯರಿಂಗ್ ಬೇರೆ. ಮಂಗಳೂರಿಗೆ ದಿನಾ ಓಡಾಡುವವನಾದರೆ ತಲಪಾಡಿಯ ಆಚೆಯ ಮನೆಯನ್ನೂ ನೋಡಿರುತ್ತಾನೆ, ಕರ್ನಾಟಕದಲ್ಲಿ ಸ್ಟಾಂಪ್ ಡ್ಯೂಟಿ ಶೇ. 5 ಎಂದೂ ಅವನಿಗೆ ಗೊತ್ತು. ಅವನ ಕೈಯಿಂದ ಒಟ್ಟು ಹೋಗುವ ಹಣ ಎಷ್ಟು ಎಂದು ನೀವೇ ಕೂಡಿಸಿ ನೋಡಿ. ಆಗ ಅವನು ಯಾಕೆ ಚೌಕಾಶಿ ಮಾಡುತ್ತಾನೆ ಎಂದು ಅರ್ಥ ಆಗುತ್ತದೆ.

ಹಳೆಯ ಮನೆಗೆ ಕಟ್ಟಿದ ಖರ್ಚು ಸಿಗುವುದಿಲ್ಲ. ಇದನ್ನು ಒಪ್ಪಿಕೊಳ್ಳುವುದು ನೋವಿನ ಕೆಲಸ, ಅದರಲ್ಲೂ ಗಲ್ಫಿನಲ್ಲಿ ಇಪ್ಪತ್ತು ವರ್ಷ ದುಡಿದು ಕಟ್ಟಿದ ಮನೆಯಾದರೆ. ಆದರೂ ತೇಗದ ಬಾಗಿಲಿಗೆ, ಮೂರನೇ ಹಾಲ್‌ಗೆ ಕೊಳ್ಳುವವನು ದುಡ್ಡು ಕೊಡುವುದಿಲ್ಲ. ಅವನು ಕೊಡುವುದು ರಸ್ತೆಗೆ, ನೀರಿಗೆ, ಸೋರದ ಮಾಡಿಗೆ, ಆಸ್ಪತ್ರೆ ಮತ್ತು ಶಾಲೆಯ ದೂರಕ್ಕೆ.

ನಿಧಾನದ ಸಮಯದಲ್ಲಿ ಜಾಸ್ತಿ ಹೇಳಿ ಆಮೇಲೆ ಇಳಿಸುವ ಉಪಾಯ ಕೆಲಸ ಮಾಡುವುದಿಲ್ಲ. ಮೊದಲ ಎರಡು ತಿಂಗಳಲ್ಲೇ ನಿಜವಾಗಿ ಹುಡುಕುತ್ತಿರುವ ಜನ ನಿಮ್ಮ ಮನೆ ನೋಡಿ ಮುಗಿಸಿರುತ್ತಾರೆ. ಅವರು ಹೋದ ಮೇಲೆ ಇಳಿಸಿದರೆ ಕೇಳುವವರು ಇರುವುದಿಲ್ಲ. ನಿಮಗೆ 40 ಬೇಕಾದರೆ 42 ಹೇಳಿ. 55 ಹೇಳಬೇಡಿ. ಇದಕ್ಕಿಂತ ಕೆಳಗೆ ಕೊಡುವುದಿಲ್ಲ ಎಂಬ ಅಂಕಿಯನ್ನು ಮನೆಯವರೊಳಗೆ ತೀರ್ಮಾನಿಸಿ, ಬ್ರೋಕರ್‌ಗೆ ಕೂಡ ಹೇಳದೆ ಇಟ್ಟುಕೊಳ್ಳಿ.

ಕಾಯುವುದಕ್ಕೂ ಖರ್ಚಿದೆ. 40 ಲಕ್ಷ ಬ್ಯಾಂಕಿನಲ್ಲಿ ಶೇ. 6.5 ಬಡ್ಡಿಗೆ ಇದ್ದರೆ ವರ್ಷಕ್ಕೆ 2.6 ಲಕ್ಷ, ತಿಂಗಳಿಗೆ 21 ಸಾವಿರಕ್ಕಿಂತ ಮೇಲೆ. ಜೊತೆಗೆ ಖಾಲಿ ಮನೆ ಪ್ರತಿ ಮಳೆಗಾಲದಲ್ಲಿ ಸ್ವಲ್ಪ ಹಾಳಾಗುತ್ತದೆ. ಎರಡು ಲಕ್ಷಕ್ಕಾಗಿ ಎರಡು ವರ್ಷ ಹಿಡಿದು ಕುಳಿತರೆ ನಷ್ಟ ನಿಮ್ಮದೇ.

ಬ್ರೋಕರ್ ಯಾರು?

ಈಗ ಫೋನ್ ಮಾಡಬಹುದು. ಆದರೆ ಯಾರಿಗೆ ಎನ್ನುವುದು ನಿಮ್ಮ ಮನೆ ಯಾರು ಕೊಳ್ಳುತ್ತಾರೆ ಎಂಬುದರ ಮೇಲೆ ಇದೆ. ಹೊಸಂಗಡಿ, ಮಂಜೇಶ್ವರದ ಮನೆಗೆ ಮಂಗಳೂರು, ದೇರಳಕಟ್ಟೆ ಕಡೆ ಕೆಲಸ ಮಾಡುವವರು ಬರುತ್ತಾರೆ. ಉಪ್ಪಳ, ಕುಂಬಳೆಯ ಮನೆಗೆ ಗಲ್ಫಿನ ಕುಟುಂಬಗಳು. ಸಿವಿಲ್ ಸ್ಟೇಶನ್ ಇರುವ ವಿದ್ಯಾನಗರದ ಸುತ್ತ ಸರಕಾರಿ ನೌಕರರು. ಬದಿಯಡ್ಕ, ನೀರ್ಚಾಲು, ಪೆರ್ಲದಲ್ಲಿ ಟೀಚರುಗಳು, ತೋಟ ಬೇಕಾದವರು, ಇನ್ನೂ ಒಳಗಿನ ಗುಡ್ಡದ ಊರುಗಳಿಂದ ಪೇಟೆ ಹತ್ತಿರ ಬರಲು ಬಯಸುವ ವಯಸ್ಸಾದ ದಂಪತಿ. ಈ ಜನರ ನಡುವೆ ಓಡಾಡುವವನೇ ನಿಮ್ಮ ಬ್ರೋಕರ್. ತುಳು, ಮಲಯಾಳ, ಬ್ಯಾರಿ, ಕನ್ನಡ ಎಲ್ಲವೂ ಬಾಯಿಗೆ ಬರುವವನಾದರೆ ನಮ್ಮ ಕಡೆ ಅದು ದೊಡ್ಡ ಅನುಕೂಲ.

ಮೂರು ನಾಲ್ಕು ಜನರನ್ನು ಬೇರೆ ಬೇರೆ ದಿನ ಮನೆಗೆ ಕರೆಯಿರಿ. ಬಂದವನು ಏನು ಮಾಡುತ್ತಾನೆ ನೋಡಿ. ಒಳ್ಳೆಯವನು ಮೊದಲು ಕಾಗದ ಕೇಳುತ್ತಾನೆ, ರಸ್ತೆ ಎಷ್ಟು ಅಗಲ, ಅದು ಪಂಚಾಯತ್ ರಸ್ತೆಯಾ ಖಾಸಗಿ ದಾರಿಯಾ ಎನ್ನುತ್ತಾನೆ, ಬಾವಿಗೆ ಇಣುಕುತ್ತಾನೆ, ಪಕ್ಕದವರ ಜೊತೆ ಗಡಿ ತಕರಾರು ಇದೆಯಾ ಎಂದು ಕೇಳುತ್ತಾನೆ. ನಂತರ ನೀವು ನಿರೀಕ್ಷಿಸಿದ್ದಕ್ಕಿಂತ ಕಡಿಮೆ ರೇಟು ಹೇಳಿ, ಯಾಕೆ ಎಂದು ವಿವರಿಸುತ್ತಾನೆ. ಅಂಗಳದಲ್ಲೇ ನಿಂತು "ಅರುವತ್ತು ಆರಾಮಲ್ಲಿ ಬರುತ್ತೆ, ಪಾರ್ಟಿ ರೆಡಿ ಉಂಟು" ಎನ್ನುವವನಿಗೆ ಚಹಾ ಕೊಟ್ಟು ಕಳಿಸಿ. ಮಾಲೀಕನನ್ನು ಹಿಡಿದಿಡಲು ಜಾಸ್ತಿ ರೇಟು ಹೇಳುವುದು ಹಳೆಯ ಕ್ರಮ. ಮೂರು ತಿಂಗಳ ನಂತರ ಅದೇ ಬಾಯಿಂದ "ಮಾರ್ಕೆಟ್ ಬಿದ್ದಿದೆ, ಇಳಿಸಿ" ಎಂಬ ಮಾತು ಬರುತ್ತದೆ.

ಕೇಳಬೇಕಾದ ಪ್ರಶ್ನೆಗಳು ಹೆಚ್ಚೇನಿಲ್ಲ. ಕೊನೆಗೆ ಮಾರಿಸಿದ ಮೂರು ಮನೆ ಯಾವುವು? ಮೊದಲು ಎಷ್ಟು ಹೇಳಿದ್ದರು, ಎಷ್ಟಕ್ಕೆ ಆಯಿತು, ಎಷ್ಟು ತಿಂಗಳು ಹಿಡಿಯಿತು? ಆ ಮಾರಿದವರ ಜೊತೆ ನಾನು ಮಾತಾಡಬಹುದಾ? ಕೊನೆಯ ಪ್ರಶ್ನೆಗೆ ಹಿಂದೆ ಮುಂದೆ ನೋಡಿದರೆ ನಿಮಗೆ ಉತ್ತರ ಸಿಕ್ಕಿತು. ಮಾತಾಡಲು ಸಿಕ್ಕರೆ ಒಂದೇ ವಿಷಯ ಕೇಳಿ: ಅಡ್ವಾನ್ಸ್ ಆದ ಮೇಲೆ ರಿಜಿಸ್ಟ್ರಿವರೆಗೆ ಅವನು ಜೊತೆಗಿದ್ದನಾ?

ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾನೂನು) ನೋಂದಣಿ ಬಗ್ಗೆ ಹಲವರು ಕೇಳುತ್ತಾರೆ. ರೇರಾ ಕಾನೂನಿನಲ್ಲಿ ನೋಂದಣಿ ಬೇಕಾದದ್ದು ನೋಂದಾಯಿತ ಹೊಸ ಪ್ರಾಜೆಕ್ಟುಗಳ ಫ್ಲಾಟ್, ಸೈಟ್ ಮಾರಿಸುವ ಏಜೆಂಟರಿಗೆ. ನಿಮ್ಮ ಹಳೆಯ ಒಂಟಿ ಮನೆಯ ಮಾರಾಟ ಅದರಡಿ ಬರುವುದಿಲ್ಲ. ನೋಂದಣಿ ಇದ್ದರೆ ಒಳ್ಳೆಯದೇ, ಆದರೆ ಈ ವ್ಯಾಪಾರದಲ್ಲಿ ನಿಮ್ಮನ್ನು ಕಾಪಾಡುವುದು ನೀವು ಬರೆಸಿಕೊಂಡ ಕಾಗದ ಮಾತ್ರ.

ಆದ್ದರಿಂದ ಬರೆಸಿಕೊಳ್ಳಿ. ಒಂದು ಪುಟ ಸಾಕು. ಕಮಿಷನ್ ಶೇಕಡಾ ಎಷ್ಟು, ಯಾವಾಗ ಕೊಡುವುದು, ಎಷ್ಟು ತಿಂಗಳ ಒಪ್ಪಂದ. ಸಾಮಾನ್ಯವಾಗಿ ಒಂದರಿಂದ ಎರಡು ಶೇಕಡಾ ಮಾತಾಡುತ್ತಾರೆ. ನಿಧಾನದ ಸಮಯದಲ್ಲಿ ನಾನಾದರೆ ಕಮಿಷನ್ ಕಡಿಮೆ ಮಾಡಿಸಲು ಹೋಗುವುದಿಲ್ಲ. ಅವನು ಕೊಳ್ಳುವವನನ್ನು ನಿಮ್ಮ ಮನೆಗೆ ಮೊದಲು ಕರೆತರಬೇಕಾದರೆ ಕಾರಣ ಬೇಕು, ಅಲ್ವಾ? ಆದರೆ ಹಣ ರಿಜಿಸ್ಟ್ರಿ ದಿನ ಮಾತ್ರ. ಅಡ್ವಾನ್ಸ್ ದಿನ ಅರ್ಧ ಕೇಳಿದರೆ ಬೇಡ ಎನ್ನಿ.

ಒಬ್ಬನಿಗೇ ಕೊಡುವುದಾ, ಎಲ್ಲರಿಗೂ ಹೇಳುವುದಾ? ನನ್ನ ಸಲಹೆ, ಮೂರು ತಿಂಗಳು ಒಬ್ಬನಿಗೇ ಕೊಡಿ. ಹತ್ತು ಜನರಿಗೆ ಹೇಳಿದರೆ ಒಂದೇ ಮನೆ ಹತ್ತು ರೇಟಿನಲ್ಲಿ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡುತ್ತದೆ, ನೋಡಿದವರಿಗೆ ಮಾಲೀಕನಿಗೆ ಗತಿ ಇಲ್ಲ ಅನಿಸುತ್ತದೆ. ಮೂರು ತಿಂಗಳಲ್ಲಿ ಅವನು ಏನು ಮಾಡಿದ ಎಂದು ಲೆಕ್ಕ ಕೇಳಿ. ಎಷ್ಟು ಜನ ಬಂದರು, ಯಾಕೆ ಬೇಡ ಎಂದರು. ಹೇಳಲು ಏನೂ ಇಲ್ಲದಿದ್ದರೆ ಬದಲಾಯಿಸಿ. ನೀವೇ ಸ್ವಂತವಾಗಿ ನೆಂಟರಿಗೆ ಅಥವಾ ಪಕ್ಕದವರಿಗೆ ಮಾರಿದರೆ ಕಮಿಷನ್ ಇಲ್ಲ ಎಂದು ಮೊದಲೇ ಬರೆಯಿರಿ. ನಮ್ಮ ಕಡೆ ಎಷ್ಟೋ ಜಾಗ ಕೊನೆಗೆ ಪಕ್ಕದವನೇ ಕೊಳ್ಳುವುದುಂಟು. ಅದಕ್ಕೇ ಮೊದಲು ಅವನ ಹತ್ತಿರವೇ ಕೇಳಿ.

ಬ್ರೋಕರ್‌ಗಳ ಸರಪಳಿಯನ್ನೂ ಗಮನಿಸಿ. ನಿಮ್ಮ ಬ್ರೋಕರ್ ಇನ್ನೊಬ್ಬನಿಗೆ ಹೇಳಿರುತ್ತಾನೆ, ಅವನು ಮತ್ತೊಬ್ಬನಿಗೆ. ರಿಜಿಸ್ಟ್ರಿ ದಿನ ನಾಲ್ಕು ಜನ ಬಂದು ನಿಲ್ಲುತ್ತಾರೆ. ಮನೆ ನೋಡಲು ಬಂದವರ ಹೆಸರು, ತಾರೀಕು, ಕರೆತಂದವರು ಯಾರು ಎಂದು ಒಂದು ಪುಸ್ತಕದಲ್ಲಿ ಬರೆದು, ಅದೇ ದಿನ ನಿಮ್ಮ ಬ್ರೋಕರ್‌ಗೆ ವಾಟ್ಸಾಪ್ ಮಾಡಿ. "ಕಮಿಷನ್ ನಾನು ಕೊಡುವುದು ನಿಮಗೆ ಒಬ್ಬರಿಗೆ, ಹಂಚುವುದು ನಿಮ್ಮ ಕೆಲಸ" ಎಂದು ಮೊದಲ ದಿನವೇ ಹೇಳಿಬಿಡಿ.

ಎರಡು ಮಾತುಗಳಿಗೆ ಒಪ್ಪಲೇಬೇಡಿ. ಒಂದು, "ನಿಮಗೆ ಇಷ್ಟು ಕೊಡುತ್ತೇನೆ, ಮೇಲೆ ಸಿಕ್ಕಿದ್ದು ನನಗೆ". ಹೀಗೆ ಒಪ್ಪಿದರೆ ಬಂದ ಒಳ್ಳೆಯ ಆಫರ್ ನಿಮ್ಮ ಕಿವಿಗೇ ಬೀಳುವುದಿಲ್ಲ, ಯಾಕೆಂದರೆ ಅವನು ಇನ್ನೂ ಜಾಸ್ತಿಗೆ ಕಾಯುತ್ತಿರುತ್ತಾನೆ. ಎರಡು, ಬ್ರೋಕರ್ ಅಥವಾ ಅವನ ಪರಿಚಯದವನು ಸಣ್ಣ ಅಡ್ವಾನ್ಸ್ ಕೊಟ್ಟು ಆರು ತಿಂಗಳು, ಒಂದು ವರ್ಷಕ್ಕೆ ಅಗ್ರಿಮೆಂಟ್ ಬರೆಸುವುದು. ಅವನಿಗೆ ಮನೆ ಬೇಡ. ಆ ಅವಧಿಯಲ್ಲಿ ಜಾಸ್ತಿ ಬೆಲೆಗೆ ಬೇರೆಯವರನ್ನು ಹುಡುಕಿ, "ಇವರ ಹೆಸರಿಗೆ ರಿಜಿಸ್ಟ್ರಿ ಮಾಡಿಕೊಡಿ" ಎನ್ನುತ್ತಾನೆ. ಸಿಗದಿದ್ದರೆ ಸಮಯ ಕೇಳುತ್ತಾನೆ, ಇಲ್ಲವೇ ಕೋರ್ಟಿನ ಮಾತಾಡುತ್ತಾನೆ. ನಿಮ್ಮ ಮನೆ ಅಷ್ಟು ಕಾಲ ಕಟ್ಟಿಹಾಕಿದ ಹಾಗೆ.

ಮನೆ ತೋರಿಸುವುದು

ದೊಡ್ಡ ರಿಪೇರಿ ಬೇಡ, ಅದರ ದುಡ್ಡು ವಾಪಸ್ ಬರುವುದಿಲ್ಲ. ಒಡೆದ ಹಂಚು ಬದಲಿಸಿ, ಸೋರಿಕೆ ನಿಲ್ಲಿಸಿ, ಸುಣ್ಣ ಬಣ್ಣ ಹೊಡೆಸಿ, ಅಂಗಳದ ಹುಲ್ಲು ಕೆರೆಸಿ. ಮುಚ್ಚಿದ ಮನೆಯಾದರೆ ವಾರಕ್ಕೊಮ್ಮೆ ಕಿಟಕಿ ತೆಗೆಸಿ, ಮೋಟಾರ್ ಓಡಿಸಿ. ಕರೆಂಟ್ ಕನೆಕ್ಷನ್ ಕಡಿತ ಮಾಡಿಸಬೇಡಿ. ಕತ್ತಲೆ ಮನೆ ಯಾರಿಗೂ ಹಿಡಿಸುವುದಿಲ್ಲ.

ನೀರಿನ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಏಪ್ರಿಲ್, ಮೇಯಲ್ಲಿ ಬಾವಿಯ ಫೋಟೋ, ವೀಡಿಯೊ ತಾರೀಕಿನೊಂದಿಗೆ ತೆಗೆದಿಡಿ. ಬಾಯಾರು, ಪೆರ್ಲ ಕಡೆ ಸುರಂಗದ (ಗುಡ್ಡದೊಳಗೆ ಅಡ್ಡಕ್ಕೆ ಕೊರೆದ ನೀರಿನ ದಾರಿ) ನೀರಿದ್ದರೆ ಅದನ್ನೂ ತೋರಿಸಿ, ಹೊರಗಿನವರಿಗೆ ಅದು ಏನು ಎಂದೇ ಗೊತ್ತಿರುವುದಿಲ್ಲ. ಮಳೆಗಾಲದ ಮಧ್ಯೆ ಮಾಡಿನ ಒಳಬದಿಯ ವೀಡಿಯೊ ತೆಗೆಯಿರಿ, ಸೋರುವುದಿಲ್ಲ ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ. ಜುಲೈ, ಆಗಸ್ಟ್‌ನಲ್ಲಿ ಗಲ್ಫಿನವರು ಮಕ್ಕಳ ಶಾಲೆ ರಜೆಗೆ ಬರುತ್ತಾರೆ. ಮಳೆ ಇದ್ದರೂ ಮನೆ ನೋಡುವವರು ಅವರೇ. ಆ ಹೊತ್ತಿಗೆ ಮನೆ ತಯಾರಿರಲಿ.

ಎಣ್ಮಕಜೆ ಮತ್ತು ಸುತ್ತಮುತ್ತ ಹೊರಗಿನವರು ಎಂಡೋಸಲ್ಫಾನ್ ಕೀಟನಾಶಕದ ಬಗ್ಗೆ ಕೇಳಿಯೇ ಕೇಳುತ್ತಾರೆ. ಮಾತು ತಪ್ಪಿಸಬೇಡಿ. ಗೇರು ತೋಟಗಳಿಗೆ ಹೆಲಿಕಾಪ್ಟರ್‌ನಿಂದ ಸಿಂಪಡಿಸುವುದು 2000ದಲ್ಲಿ ನಿಂತಿತು, 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲೇ ನಿಷೇಧಿಸಿತು. ಇದನ್ನು ಹೇಳಿ, ಬಾವಿ ನೀರಿನ ಲ್ಯಾಬ್ ರಿಪೋರ್ಟ್ ಮಾಡಿಸಿ ಕೈಗೆ ಕೊಡಿ. ಹೆದ್ದಾರಿ 66ರ ಪಕ್ಕದ ಮನೆಗಳಿಗೆ ಪ್ರಶ್ನೆ ಬೇರೆ. ಸರ್ವಿಸ್ ರಸ್ತೆಗೆ ದಾರಿ ಎಲ್ಲಿಂದ, ಹತ್ತಿರದ ಅಂಡರ್‌ಪಾಸ್ ಎಷ್ಟು ದೂರ, ಸ್ವಾಧೀನಕ್ಕೆ ಹೋದ ಜಾಗ ಕಳೆದು ಉಳಿದದ್ದೆಷ್ಟು. ಈ ಮೂರಕ್ಕೂ ಉತ್ತರ ತಯಾರಿರಲಿ.

ಫೋಟೋ ಹಗಲು ಬೆಳಕಿನಲ್ಲಿ ತೆಗೆಯಿರಿ. ಓಎಲ್‌ಎಕ್ಸ್, ಫೇಸ್‌ಬುಕ್‌ನಲ್ಲಿ ಹಾಕುವಾಗ ರೇಟು, ಸೆಂಟ್ಸ್, ರಸ್ತೆ ಅಗಲ, ಊರು ಬರೆಯಿರಿ. "ರೇಟಿಗೆ ಕಾಲ್ ಮಾಡಿ" ಎಂದರೆ ಜನ ದಾಟಿ ಹೋಗುತ್ತಾರೆ. ಆಧಾರದ ಫೋಟೋವನ್ನು ಯಾವ ಗ್ರೂಪಿಗೂ ಹಾಕಬೇಡಿ.

ಆರು ತಿಂಗಳಾದರೂ ಆಫರ್ ಇಲ್ಲದಿದ್ದರೆ ಏನು? ಜನ ಬಂದೇ ಇಲ್ಲ ಎಂದಾದರೆ ರೇಟು ತಪ್ಪು. ಜನ ಬಂದು ನೋಡಿ ಹೋಗಿದ್ದಾರೆ ಎಂದಾದರೆ ಮನೆಯಲ್ಲಿ ಅಥವಾ ಕಾಗದದಲ್ಲಿ ಏನೋ ಇದೆ. ಇಳಿಸುವುದಾದರೆ ಕಾಣಿಸುವಷ್ಟು, ಒಂದೇ ಸಲ ಇಳಿಸಿ. ತಿಂಗಳಿಗೆ ಐವತ್ತು ಸಾವಿರದಂತೆ ಇಳಿಸುತ್ತಾ ಹೋದರೆ ಇನ್ನೂ ಇಳಿಯಲಿ ಎಂದು ಎಲ್ಲರೂ ಕಾಯುತ್ತಾರೆ. ಜಾಗ ದೊಡ್ಡದಿದ್ದರೆ ಮನೆ ಮತ್ತು 15 ಸೆಂಟ್ಸ್ ಬೇರೆ, ತೋಟ ಬೇರೆ ಎಂದು ಮಾರುವ ಯೋಚನೆ ಮಾಡಿ. ಎರಡಕ್ಕೂ ದಾರಿ ಉಳಿಯುತ್ತದಾ ಎಂದು ಮಾತ್ರ ನೋಡಿ. ಬಾಡಿಗೆಗೆ ಕೊಡುವುದಾದರೆ 11 ತಿಂಗಳ ಕರಾರು ಮಾಡಿ, ಕೊಳ್ಳುವವರಿಗೆ ಮನೆ ತೋರಿಸಲು ಬಿಡಬೇಕು ಎಂದು ಬರೆಸಿ.

ಅಗ್ರಿಮೆಂಟ್

ಮಾತು ಮುಗಿದ ಮೇಲೆ ತಡ ಮಾಡಬೇಡಿ. ಸ್ಟಾಂಪ್ ಪೇಪರಿನಲ್ಲಿ ಕರಾರು ಬರೆಸಿ, ವಕೀಲರಿಗೆ ತೋರಿಸಿ ಸಹಿ ಹಾಕಿ. ಅಡ್ವಾನ್ಸ್ ಶೇ. 10ಕ್ಕೆ ಕಡಿಮೆ ಬೇಡ. ಅವಧಿ ಮೂರು ತಿಂಗಳು, ಬ್ಯಾಂಕ್ ಸಾಲ ಇದ್ದರೆ ನಾಲ್ಕು. ಅವಧಿ ಮುಗಿದರೆ ಏನಾಗುತ್ತದೆ ಎಂದು ಸ್ಪಷ್ಟ ಬರೆಸಿ. ರಿಜಿಸ್ಟ್ರಿ ಕೊಳ್ಳುವವನ ಅಥವಾ ಅವನ ಮನೆಯವರ ಹೆಸರಿಗೆ ಮಾತ್ರ ಎಂದು ಒಂದು ಸಾಲು ಸೇರಿಸಿ. ಮೇಲೆ ಹೇಳಿದ ಆಟ ಅಲ್ಲಿಗೇ ನಿಲ್ಲುತ್ತದೆ. ಪೂರ್ತಿ ಹಣ ಬರುವ ಮೊದಲು ಕೀಲಿಕೈ ಕೊಡಬೇಡಿ. "ಗೃಹಪ್ರವೇಶಕ್ಕೆ ಒಳ್ಳೆ ದಿನ ಉಂಟು" ಎಂದರೂ ಕೊಡಬೇಡಿ.

ಹಣ ಬ್ಯಾಂಕ್ ಮೂಲಕವೇ ಬರಲಿ. ಸ್ಥಿರಾಸ್ತಿ ಮಾರಾಟಕ್ಕೆ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಅಡ್ವಾನ್ಸನ್ನು ನಗದಾಗಿ ತೆಗೆದುಕೊಂಡರೆ ತೆಗೆದುಕೊಂಡಷ್ಟೇ ದಂಡ ಬೀಳಬಹುದು, ಅದೂ ತೆಗೆದುಕೊಂಡ ನಿಮಗೆ. ಆಧಾರದಲ್ಲಿ ಕಡಿಮೆ ತೋರಿಸಿ ಉಳಿದದ್ದು ಕೈಯಲ್ಲಿ ಎಂಬ ಮಾತಿಗೆ ಒಪ್ಪಬೇಡಿ. ಕೊಳ್ಳುವವನ ಡ್ಯೂಟಿ ಉಳಿಯುತ್ತದೆ, ಅಪಾಯ ನಿಮ್ಮ ತಲೆಗೆ. ಆ ಹಣವನ್ನು ಮುಂದೆ ಬೇರೆ ಮನೆ ಕೊಳ್ಳಲು ಬಳಸುವುದಕ್ಕೂ ಆಗುವುದಿಲ್ಲ.

ತೆರಿಗೆ, ಮತ್ತು ಗಲ್ಫಿನಲ್ಲಿ ಇರುವವರಿಗೆ

ಎರಡು ವರ್ಷಕ್ಕಿಂತ ಜಾಸ್ತಿ ನಿಮ್ಮಲ್ಲಿದ್ದ ಮನೆಯ ಲಾಭಕ್ಕೆ ಶೇ. 12.5 ತೆರಿಗೆ. 2024ರ ಜುಲೈ 23ಕ್ಕೆ ಮೊದಲು ಪಡೆದ ಮನೆಯಾದರೆ, ಭಾರತದಲ್ಲಿ ವಾಸಿಸುವವರು ಹಳೆಯ ಕ್ರಮದಂತೆ ಬೆಲೆಯೇರಿಕೆ ಲೆಕ್ಕ ಹಾಕಿ ಶೇ. 20ರ ಲೆಕ್ಕವನ್ನೂ ಮಾಡಿ, ಯಾವುದು ಕಡಿಮೆಯೋ ಅದನ್ನು ಆರಿಸಬಹುದು. ಎನ್‌ಆರ್‌ಐಗಳಿಗೆ ಈ ಆಯ್ಕೆ ಇಲ್ಲ. 2001ರ ಏಪ್ರಿಲ್ 1ಕ್ಕೆ ಮೊದಲಿನ ಹಳೆಯ ಮನೆಗೆ ಆ ದಿನದ ಬೆಲೆಯನ್ನು ಮೂಲ ಬೆಲೆಯಾಗಿ ತೆಗೆದುಕೊಳ್ಳಬಹುದು. ಅದಕ್ಕೆ ನೋಂದಾಯಿತ ಮೌಲ್ಯಮಾಪಕರ ವರದಿ ಮಾಡಿಸಿ. ಮನೆಯ ಜೊತೆ ಅಡಿಕೆ ತೋಟವೂ ಇದ್ದರೆ ಆಡಿಟರ್ ಹತ್ತಿರ ಮೊದಲೇ ಹೋಗಿ. ಗ್ರಾಮೀಣ ಕೃಷಿಭೂಮಿಗೆ ಈ ತೆರಿಗೆ ಇಲ್ಲದಿರುವುದರಿಂದ ಮನೆಯ ಬೆಲೆ, ತೋಟದ ಬೆಲೆ ಬೇರೆ ಬೇರೆ ಬರೆಸುವುದು ಲಾಭ.

ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವನು ಶೇ. 1 ಟಿಡಿಎಸ್ (ನಿಮಗೆ ಕೊಡುವ ಹಣದಿಂದಲೇ ಮುರಿಯುವ ತೆರಿಗೆ) ಹಿಡಿಯುತ್ತಾನೆ. ಮಾರುವವರು ಎನ್‌ಆರ್‌ಐ ಆದರೆ 50 ಲಕ್ಷದ ಮಿತಿಯೂ ಇಲ್ಲ, ಶೇ. 1ರ ದರವೂ ಇಲ್ಲ. ಲಾಭದ ತೆರಿಗೆಯ ದರದಲ್ಲೇ, ಮೇಲೆ ಸೆಸ್ ಸೇರಿಸಿ ಹಿಡಿಯಬೇಕು, ಎಷ್ಟೋ ಸಲ ಪೂರ್ತಿ ಬೆಲೆಯ ಮೇಲೆಯೇ ಹಿಡಿಯುತ್ತಾರೆ. ಕಡಿಮೆ ಹಿಡಿಯುವಂತೆ ಆದಾಯ ತೆರಿಗೆ ಇಲಾಖೆಯಿಂದ ಸರ್ಟಿಫಿಕೇಟ್ ತೆಗೆಯಲು ಆಗುತ್ತದೆ. ಅಗ್ರಿಮೆಂಟ್ ಆದ ವಾರವೇ ಅರ್ಜಿ ಹಾಕಿ.

ಊರಿಗೆ ಬರಲು ಆಗದವರು ಪವರ್ ಆಫ್ ಅಟಾರ್ನಿಯನ್ನು ಅಲ್ಲಿನ ಭಾರತೀಯ ರಾಯಭಾರ ಕಚೇರಿ ಅಥವಾ ಕಾನ್ಸುಲೇಟಿನಲ್ಲಿ ಮಾಡಿಸಿ ಕಳಿಸಬೇಕು. ಅದು ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿ ಸ್ಟಾಂಪ್ ಮಾಡಿಸಬೇಕು. ಯಾವ ಸರ್ವೆ ನಂಬರ್, ಯಾವ ಕೆಲಸ, ಹಣ ಯಾರ ಖಾತೆಗೆ ಎಂದು ಬರೆಸಿ. ಎಲ್ಲ ಆಸ್ತಿಗೂ ಎಲ್ಲ ಅಧಿಕಾರ ಎಂದು ಬರೆಯಬೇಡಿ, ತಮ್ಮನ ಹೆಸರಿಗೇ ಆದರೂ. ಬ್ರೋಕರ್ ಹೆಸರಿಗಂತೂ ಯಾವತ್ತೂ ಬೇಡ.

ರಿಜಿಸ್ಟ್ರಿ ಮತ್ತು ನಂತರ

ಆಧಾರದ ಕರಡು ಎರಡು ದಿನ ಮೊದಲೇ ಕೈಗೆ ಬರಲಿ. ಸರ್ವೆ ನಂಬರ್, ಅಳತೆ, ನಾಲ್ಕು ಗಡಿ, ದಾರಿಯ ಹಕ್ಕು, ಹೆಸರಿನ ಸ್ಪೆಲ್ಲಿಂಗ್ ಒಂದೊಂದಾಗಿ ನೋಡಿ. ಮಲಯಾಳ ಓದಲು ಬಾರದಿದ್ದರೆ ಬರುವವರನ್ನು ಪಕ್ಕದಲ್ಲಿ ಕೂರಿಸಿ ಓದಿಸಿ, ಅರ್ಥ ಆಗದೆ ಸಹಿ ಹಾಕಬೇಡಿ. ಬಾಕಿ ಹಣ ಖಾತೆಗೆ ಬಂದದ್ದನ್ನು ನೋಡಿಯೇ, ಅಥವಾ ಬ್ಯಾಂಕಿನ ಡಿಡಿ ಕೈಯಲ್ಲಿ ಹಿಡಿದೇ ಸಹಿ. ಪಾನ್, ಆಧಾರ್ ಕಾರ್ಡ್, ಫೋಟೋ, ಹಿಂದಿನ ಆಧಾರಗಳ ಮೂಲ ಪ್ರತಿ ಜೊತೆಗಿರಲಿ. ಕೊಡುವ ಮೊದಲು ಎಲ್ಲದರ ಸ್ಕ್ಯಾನ್ ಇಟ್ಟುಕೊಳ್ಳಿ, ಕೊಟ್ಟದ್ದಕ್ಕೆ ರಸೀದಿ ತೆಗೆದುಕೊಳ್ಳಿ.

ಮಾರಿದ ಮೇಲೂ ಸ್ವಲ್ಪ ಕೆಲಸ ಇದೆ. ಪೋಕ್ಕುವರವು (ವಿಲ್ಲೇಜ್ ದಾಖಲೆಯಲ್ಲಿ ಜಾಗದ ಹೆಸರು ಬದಲಾವಣೆ) ಆಗಿ ಕೊಳ್ಳುವವನ ಹೆಸರಲ್ಲಿ ಭೂತೆರಿಗೆ ಕಟ್ಟಿದ ರಸೀದಿಯ ಫೋಟೋ ಕೇಳಿ ಪಡೆಯಿರಿ. ಪಂಚಾಯತಿನಲ್ಲಿ ಮನೆಯ ಹೆಸರು ಬದಲಾವಣೆ, ಕೆಎಸ್‌ಇಬಿ ಕರೆಂಟ್ ಕನೆಕ್ಷನ್ ವರ್ಗಾವಣೆ ಒಂದು ತಿಂಗಳೊಳಗೆ ಮುಗಿಯಲಿ, ಇಲ್ಲದಿದ್ದರೆ ಬಿಲ್ಲಿನ ಬಾಕಿ ನಿಮ್ಮ ಹೆಸರಲ್ಲೇ ಬೆಳೆಯುತ್ತದೆ. ಬೇರೆ ಮನೆ ಕೊಳ್ಳುವ ಯೋಚನೆ ಇದ್ದರೆ ಮಾರಿದ ದಿನದಿಂದ ಎರಡು ವರ್ಷದೊಳಗೆ ಕೊಳ್ಳಬೇಕು, ಕಟ್ಟಿಸುವುದಾದರೆ ಮೂರು ವರ್ಷ. ಆಗ ಲಾಭದ ತೆರಿಗೆಗೆ ವಿನಾಯಿತಿ ಸಿಗುತ್ತದೆ. ರಿಟರ್ನ್ಸ್ ಕೊಡುವ ಕೊನೆಯ ದಿನದೊಳಗೆ ಹಣ ಖರ್ಚಾಗದಿದ್ದರೆ ಬ್ಯಾಂಕಿನ ಕ್ಯಾಪಿಟಲ್ ಗೇನ್ಸ್ ಖಾತೆಗೆ ಹಾಕಿಡಿ. ಮನೆ ಬೇಡ ಎಂದಾದರೆ ಆರು ತಿಂಗಳೊಳಗೆ 50 ಲಕ್ಷದವರೆಗೆ ಇದಕ್ಕೆಂದೇ ಇರುವ ಬಾಂಡುಗಳಲ್ಲಿ ಹಾಕಬಹುದು, ಐದು ವರ್ಷ ತೆಗೆಯಲು ಆಗುವುದಿಲ್ಲ.